ಪುಗ್ಗಾದಾಗ ಜಾಗಾ ಇಲ್ಲ

ಮುಂಬೈಯಿಂದ ಬರ್ತಿದ್ದುವು ಹಾಳಿ, ಮಾತು ಕೆರದು ತಗದ ಹಾಳಿ.
ಹಾರೂ ಮನಷ್ಯಾನ ಬಾಯಿಗೆ ಹತ್ತಿಕೊಂಡು
ಬಾಲ ಇದ್ದ ಬಿಳೀ ಪುಗ್ಗಾ.
ಅದರಾಗ ಕನ್ನಡ ತುಂಬೂದು ನನ್ನ ಕೆಲಸ,
ಪುಟಕ್ಕ ಒಂದೂವರಿ ರೂಪಾಯಿ.
ಗದಗ, ಸ್ಟೇಷನ್ ರೋಡು, ಅಂಬಾಸಾ ಅವರ ಪ್ರೆಸ್ಸು,
ಕಿಟಕಿ ಕಡೆ ಮೂರನೇ ಸ್ಟೂಲು.

ಇಂಗ್ಲಿಷಿನ ಅಕ್ಷರ ಪರೇಡಿಗೆ ನಿಂತ ಪೊಲೀಸರು,
ಸಾಲು ಬಿಟ್ಟು ಕಾಲು ಚಾಚಂಗಿಲ್ಲ.
ನಮ್ಮವು ಹಂಗಲ್ಲ.
ಕೆಳಗ ಒತ್ತು, ಮ್ಯಾಲ ಗುಡಿಸು, ಬಗಲಾಗ ದೀರ್ಘ,
ಕಂಕುಳಾಗ ಕೂಸು, ತಲೀಮ್ಯಾಲ ಬುಟ್ಟಿ,
ಸಂತಿಗೆ ಹೊಂಟ ಹೆಣಮಕ್ಕಳಂಥಾ ಅಕ್ಷರ.
"ಈ ನಗರವನ್ನು ನಾಶಮಾಡಲು ನಿನ್ನನ್ನು ಬಿಡೆನು, ದುಷ್ಟನೇ!"
ಅನ್ನೂದು ಚೀಟ್ಯಾಗ ಚೊಲೋ ಇರ್ತಿತ್ತು,
ಪುಗ್ಗಾದಾಗ ಹಿಡೀತಿರಲಿಲ್ಲ.
ನಾ ಬರದೆ: "ಸಾಕು."
ಅಂಬಾಸಾ ಅವರು ಚಾಳೀಸು ಏರಿಸಿ ನೋಡಿದರು.
"ಇಷ್ಟ ಅಂತಾನೇನ?"
"ಇಷ್ಟ ಹಿಡಸ್ತೈತ್ರಿ."
ಹಿಂಗ, ಕೆಂಪು ಶಾಲಿನಾಂವ ಮಾತು ಕಮ್ಮಿ ಮಾಡಿದ.

ಸದ್ದು ಬರಿಯೂದಂದ್ರ ನನಗ ಹಬ್ಬ.
ಅಲ್ಲಿ ಪುಗ್ಗಾ ಇಲ್ಲ, ಚೌಕಟ್ಟಿನ ಹಂಗಿಲ್ಲ.
ಧಡಾಂ!
ಧಕಾರದ ಹೊಟ್ಟಿ ಸೀಳಿ ಕಟ್ಟಡದಷ್ಟು ಎತ್ತರ ನಿಂದರಸ್ತಿದ್ದೆ,
ಸೊನ್ನಿ ಉರುಳಿ ಮುಂದಿನ ಚಿತ್ರಕ್ಕ ಬೀಳ್ತಿತ್ತು.
ಸದ್ದು ಎಲ್ಲಿಂದ ತಂದಿ ಅಂತ ಕೇಳಿದ್ರ,
ಬಾಜೂಕ ಮಷಿನ್ನು ದಿನಾ ಅದನ್ನ ಅಂತಿತ್ತು.

ಬಣ್ಣ ದಾವಲಸಾಬನ ಕೈಯಾಗ.
ಹಳದಿ ಒಮ್ಮೆ, ಕೆಂಪು ಒಮ್ಮೆ, ನೀಲಿ ಒಮ್ಮೆ, ಕಡೀಕ ಕರಿ,
ಒಂದ ಹಾಳಿ ನಾಕು ಸಲ ಮಷಿನ್ನಿನ ಬಾಯಿಗೆ.
ಕೂದಲೆಳಿಯಷ್ಟು ಸರದ್ರ ಸಾಕು,
ಶಾಲು ಹೆಗಲು ಬಿಟ್ಟು ಗಾಳ್ಯಾಗ ನಿಲ್ತಿತ್ತು,
ತುಟಿ ಕೆಂಪು ಗಲ್ಲದ ಮ್ಯಾಲ ಹೋಗಿ ಕುಂಡರ್ತಿತ್ತು.
"ಓಡೋರ ಬಣ್ಣ ಹಿಂದ ಉಳಿತೈತಿ, ತಂಗಿ" ಅಂತಿದ್ದ.
ತಪ್ಪು ತಂದಂತ ಎಂದೂ ಒಪ್ಪಲಿಲ್ಲ.
ಭೂತಗನ್ನಡಿ ಹಿಡದ್ರ ಮುಖ ಅನ್ನೂದ ಇರಲಿಲ್ಲ,
ಕೆಂಪು ಚುಕ್ಕಿ, ನಡುನಡುವ ಹಳದಿ ಚುಕ್ಕಿ.
ನಾ ಬೆಟಗೇರಿ ನೇಕಾರರ ಮಗಳು, ನನಗೇನು ಹೊಸಾದು?
ಸನೇಕ ಹೋದ್ರ ಎಳಿ, ದೂರ ನಿಂತ್ರ ಸೀರಿ.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ.
ಒಂದು ಚೌಕದಾಗ ಮುಷ್ಟಿ ಎತ್ತ್ಯಾನ.
ಮುಂದಿನ ಚೌಕದಾಗ ಖಳ ನೆಲಾ ಹಿಡದಾನ.
ನಡುವ ಬಿಳೀ ಓಣಿ, ಬೆರಳಗಲಾನೂ ಇಲ್ಲ.
ಹೊಡತದ ಚಿತ್ರಾ ಯಾರೂ ತಗದಿಲ್ಲ.
ಆ ಓಣ್ಯಾಗ ನಿಂತು ಹೊಡದಾಕಿ ನಾನು.
ಯಾರನ್ನ ಅಂತ ಕೇಳಬ್ಯಾಡ್ರಿ,
ನಮ್ಮ ಮನಿಗೂ ಒಬ್ಬಾಂವ ಬರ್ತಿದ್ದ
ದಿನಾ ರಾತ್ರಿ ಒಂಬತ್ತಕ್ಕ, ಚಪ್ಪಲಿ ಕಾಲಲೆ.

ಭಾಳ ವರ್ಷದ ಮ್ಯಾಲ ಹುಬ್ಬಳ್ಳಿ ದುರ್ಗದಬೈಲಿನಾಗ
ರದ್ದಿ ಪುಸ್ತಕದ ರಾಶ್ಯಾಗ ಅಂವ ಸಿಕ್ಕ, ಇಂಗ್ಲಿಷಿನಾಂವ.
ಮೊಮ್ಮಗಳು ಓದಿ ಹೇಳಿದಳು.
ಅಯ್ಯ ಶಿವನ, ಎಷ್ಟು ಮಾತಾಡ್ತಾನ!
ಹಾರಕೋತನ ಹೇಳ್ತಾನ, ಹಾರಾಕತ್ತೀನಿ ಅಂತ.
ಹೊಡಿಯೂ ಮುಂಚೆ ಒಂದು ಭಾಷಣ, ಹೊಡದ ಮ್ಯಾಲ ಇನ್ನೊಂದು.
ಬಣ್ಣ ಗೆರಿ ದಾಟಿಲ್ಲ, ಶಾಲು ಹೆಗಲು ಬಿಟ್ಟಿಲ್ಲ,
ಇಸ್ತ್ರಿ ಮಾಡಿ ಮಡಚಿಟ್ಟಂಗ ಅದಾನ.
"ಇಂವ ಅಲ್ಲ ಬಿಡವಾ" ಅಂದೆ.
ಆದ್ರೂ ಹತ್ತು ರೂಪಾಯಿ ಕೊಟ್ಟು ತಗೊಂಡೆ.

ನಮ್ಮಾಂವ ಇನ್ನೂ ಗಡಿಯಾರದ ಕಂಬಕ್ಕ ಜೋತಾಡಾಕತ್ತಾನ.
ಕೆಳಗ ಮೂಲ್ಯಾಗ ನನ್ನ ಕೈಲೆ ಬರದದ್ದು: ಮುಂದಿನ ಸಂಚಿಕೆಯಲ್ಲಿ.
ಮುಂದಿನದು ಬರಲಿಲ್ಲ.
ಲಗ್ನಪತ್ರಿಕಾ, ಇಲೆಕ್ಷನ್ ಪೋಸ್ಟರು ಚೊಲೋ ರೊಕ್ಕ ತಂದುವು.
ಆ ಕಡೀ ಪುಟದಾಗ ಒಂದು ಪುಗ್ಗಾ ಇತ್ತು,
ಬಾಲ ಅವನ ಬಾಯಿ ಕಡೆ ಇರಲಿಲ್ಲ,
ಹೊರಗ, ಬಿಳೀ ಓಣಿ ಕಡೆ ತಿರಗಿತ್ತು.
ಮುಂಬೈಯಾಂವನ ಕೈ ತಪ್ಪಿರಬೇಕು.
ಭಾಳೊತ್ತು ಪೆನ್ನು ಹಿಡಕೊಂಡು ಕುಂತೆ,
ಖಾಲೀನ ಕೊಟ್ಟೆ.
ಅಂಬಾಸಾ ಅವರು ಆ ಪುಟದಾಗ ಎಂಟಾಣೆ ಹಿಡಕೊಂಡರು.