ಎರಡು ಚುಕ್ಕಿ, ಒಂದು ಗೀಟು

ಸಾರವಾಡದ ಸಿದರಾಯ ಗಾಡಿ ತಂದಾನ.
ತಂದಾನ ಅನ್ನೂದು ಮರ್ಯಾದಿ ಮಾತು;
ಟ್ರ್ಯಾಕ್ಟರಿಗೆ ಹಗ್ಗ ಬಿಗದು ಎಳಕೊಂಡು ಬಂದಾನ
ವಿಜಾಪುರದ ಇಂಡಿ ರಸ್ತೆ ತನಕ, ನನ್ನ ತಗಡಿನ ನೆರಳಿಗೆ.

ಚಾಸಿ ತುಂಬ ಡೋಣಿ ದಂಡಿಯ ಎರಿ,
ಒಣಗಿ ಕಲ್ಲಾಗ್ಯಾದ, ಉಳಿ ಹಚ್ಚಿದರ ಚಕ್ಕಿ ಚಕ್ಕಿ ಏಳತದ.
ಒಂದು ಹೆಂಟಿಯೊಳಗ ಜೋಳದ ಕೂಳಿ ಸಿಕ್ಕಿತು,
ಇನ್ನೊಂದರಾಗ ಯಾರದೋ ಕೂಸಿನ ಚಪ್ಪಲಿ.

"ಹಿಂದ ಎರಡು ಪಾಟಾ ಹೆಚ್ಚಿಗಿ ಹಾಕ್ರಿ, ಗೇಣು ಎತ್ತರ ಆಗಲಿ.
ಡಬ್ಬಿ ಮ್ಯಾಲ ಮೂರು ಕಾಲಿನ ಗಳಾ ನಿಲ್ಲಸ್ರಿ,
ಬೋರಿನ ಮೋಟಾರ ಎತ್ತಾಕ, ಇಂಜಿನ್ನಿನಿಂದನ ತಿರಗೂ ರಾಟಿ.
ಮತ್ತ ಮುಂದಿನ ಗಾಲಿ..."
ಅಂತ ತಡದ,
ಮನ್ಯಾಗಿನ ಜಡ್ಡು ಹೇಳೂವಂಗ ದನಿ ಸಣ್ಣ ಮಾಡಿ,
"ಎರಡು ವರ್ಷ ಆತು, ದುಡೀವಲ್ವು."

ಬಣ್ಣ ಕೆರದೆ. ಬಿಳಿ. ಬಿಳಿಯ ಕೆಳಗ ಹಳದಿ.
ಹಳದಿಯ ಕೆಳಗ ಅರ್ಧಮರ್ಧ ಅಕ್ಷರ:
ನೀರಾವರಿ ಉಪವಿ
ಪಾನಾ ಕೆಳಗಿಟ್ಟು ಒಂದು ಚಾ ಹೇಳಿ ಕಳಿಸಿದೆ.
ಈ ಗಾಡಿ ನನಗ ಗೊತ್ತು.

ಕಾಲುವಿ ತೋಡೂ ಕಾಲಕ್ಕ ತಿಂಗಳಿಗೊಮ್ಮಿ ಬರತಿತ್ತು
ದಸ್ತಗೀರ ಉಸ್ತಾದರ ಗ್ಯಾರೇಜಿಗೆ.
ನಾನಾಗ ಡೀಸೆಲ್ಲಿನಾಗ ಬೇರಿಂಗ್ ತೊಳಿಯೂ ಹುಡುಗ, ಹದಿಮೂರು.
ಸಣ್ಣ ಗೇರ್‌ಬಾಕ್ಸ್ ಜೋಡಸೂ ಮುಂದ
ಕವಲಿನ ಪಿನ್ನು ನನ್ನ ಕೈಯಿಂದ ಜಾರಿ ಗಟಾರಕ್ಕ ಬಿತ್ತು.
ಹೇಳಲಿಲ್ಲ.
ಉಸ್ತಾದರು ಹೊಡಿಯವರಲ್ಲ, ಅದಕ್ಕ ಹೆಚ್ಚು ಅಂಜಿಕಿ.
ಗ್ವಾಡಿಗೆ ಆನಿಸಿದ್ದ ಯಾರದೋ ಸೈಕಲ್ಲಿನ ಕಡ್ಡಿ ಕತ್ತರಿಸಿ
ತೂತಿನಾಗ ತೂರಿಸಿ, ಎರಡೂ ತುದಿ ಮಣಿಸಿ
ಮ್ಯಾಲ ಗ್ರೀಸು ಮೆತ್ತಿದೆ.
ಮುಚ್ಚಳ ಅವರೇ ಬಿಗದರು.

ಆಮ್ಯಾಲ ಎಷ್ಟೋ ರಾತ್ರಿ
ಆಲಮಟ್ಟಿ ದಾರಿಯ ಇಳುಕಲಿನಾಗ ಆ ಕಡ್ಡಿ ಮುರೀತಿತ್ತು,
ನಾ ಹಾಸಿಗ್ಯಾಗ ಎದ್ದು ಕೂಡತಿದ್ದೆ.

ಈಗ, ಇಪ್ಪತ್ತಾರು ವರ್ಷಕ್ಕ,
ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದರ
ಕವಲು ಸವದು ಎಲಿ ಆಗ್ಯಾದ,
ಹಲ್ಲು ಮೂರು ಉದುರ್ಯಾವ, ಎಣ್ಣಿ ಕಾಡಿಗಿ.
ಕಡ್ಡಿ ಮಾತ್ರ ಇಟ್ಟಲ್ಲೇ ಅದ.
ತುಕ್ಕು ಸುದ್ದಾ ಹಿಡಿದಿಲ್ಲ.

ಅದರ ಬಾಜೂಕ ಸಳಿಯ ಮ್ಯಾಲ
ಬಟ್ಟಿಲೆ ಒರಸಿದಾಗ ಕಂಡದ್ದು:
ಎರಡು ಚುಕ್ಕಿ, ಒಂದು ಗೀಟು. ಪಂಚಿಲೆ ಹೊಡದದ್ದು.
ತಾವು ನೋಡಿ ಒಪ್ಪಿದ ಕೆಲಸಕ್ಕ
ಉಸ್ತಾದರು ಹಿಂಗ ಗುರುತು ಹಾಕತಿದ್ದರು.
ಒಪ್ಪದ್ದಕ್ಕ ಹಾಕತಿದ್ದಿಲ್ಲ.

ನೋಡಿದ್ದರು.
ಗ್ರೀಸು ತೆಗದು, ಕಡ್ಡಿ ಜಗ್ಗಿ ಪರೀಕ್ಷಾ ಮಾಡಿ,
ತಿರುಗಿ ಗ್ರೀಸು ಮೆತ್ತಿದ್ದರು.
ಮತ್ತ ಒಂಬತ್ತು ವರ್ಷ ನನ್ನ ಜೋಡಿ ಒಂದೇ ತಾಟಿನಾಗ ಉಂಡರು.
ಈಗ ಅವರಿಗೆ ಕಿವಿ ಕೇಳಸೂದಿಲ್ಲ.
ಒದರಿ ಹೇಳೂ ಮಾತಲ್ಲ ಇದು.

ಸೊಲ್ಲಾಪುರದ ಗುಜರಿಯಿಂದ ಕವಲು ಬಂತು, ಹಲ್ಲುಗಾಲಿ ಬಂತು.
ಪಾಟಾ ಏರಿಸಿದೆ. ಗಾಳಿ ಕುಡಿಯೂ ಕೊಳವಿ
ಕಾಜಿನ ಬಾಜೂಕ ಮ್ಯಾಲಕ್ಕ ಒಯ್ದೆ.
ಕಬ್ಬಿನ ಗಾಣದ ಹಳಿ ಗಾಲಿ ಒಂದನ್ನ ರಾಟಿಗೆ ಕೂಡಿಸಿ
ಗಳಾ ನಿಲ್ಲಸಿದ ದಿನ
ಓಣಿ ಹುಡುಗರು ಅದಕ್ಕ ಜೋಕಾಲಿ ಕಟ್ಟಿದರು,
ಸಂಜಿತನಕ ನನಗೂ ಇಳಸೂ ಮನಸಾಗಲಿಲ್ಲ.

ಸಾರವಾಡದ ಹೊಲದಾಗ ನಿನ್ನಿ ಮಳಿ.
ಬೂಟಿನ ಕೆಳಗ ಇನ್ನೊಂದು ಬೂಟು, ಎರಿದು.
ಹಿಂದಿನ ಗಾಲಿ ಹೂತು ಒದ್ದಾಡೂ ತನಕ ಕಾಯ್ದು
ಸಣ್ಣ ಕೋಲು ಜಗ್ಗಿದೆ.
ಕಟ್ ಅಂತು.
ಮುಂದಿನವು ಒಂದು ಗಳಿಗಿ ಮಿಸುಕಾಡಿ,
ಮರತ ಕೆಲಸ ನೆಪ್ಪಿಗೆ ಬಂದಂಗ, ಎರಿ ಕಚ್ಚಿದವು.
ಸಿದರಾಯ ಗಾಡಿ ಹಿಂದ ಓಡಿ ಓಡಿ ಬಂದ,
ಮಾರಿ ತುಂಬ ರಾಡಿ, "ದುಡ್ಯಾಕತ್ತಾವ್ರೀ!"

ಬದುವಿನ ಮ್ಯಾಲ ಕೂತು ಲೆಕ್ಕ ಬರದೆ.
ಪೆನ್ನು ಹುಡುಕಾಕ ಕಿಸೆಕ್ಕ ಕೈ ಹಾಕಿದಾಗ
ಹೊಸ ಪಿನ್ನು ಸಿಕ್ಕಿತ್ತು, ಪ್ಲಾಸ್ಟಿಕ್ ಚೀಲದಾಗ ಹಂಗ ಅದ.
ಬಿಲ್ಲಿನಾಗ ಅದರ ನಲವತ್ತು ರೂಪಾಯಿಗೆ ಕಾಟು ಹೊಡದೆ.
ಯಾಕಂತ ಸಿದರಾಯ ಕೇಳಲಿಲ್ಲ.