ಚುಕ್ಕಿ ಗೆರೆ

ನಕಾಶೆ ಇತ್ತಂತೆ, ಎಸ್ಟೇಟ್ ಆಫೀಸಿನ ಕಬ್ಬಿಣದ ಬೀರುವಿನಲ್ಲಿ.
ಗೆದ್ದಲು ಅದನ್ನು ಪೂರ್ತಿ ಓದಿ ಮುಗಿಸಿದೆ.
ಉಳಿದದ್ದು ಲಾಡ್ಲೇಸಾಬರ ಅಂಗಾಲು.

ಕಲಬುರಗಿಯ ಮೇ. ಬೆಳಗಿನ ಏಳಕ್ಕೇ ನೆಲ ಕಾದ ಹೆಂಚು.
ಚಪ್ಪಲಿ ಬಿಟ್ಟು ಕರಿಮಣ್ಣಿನ ಮೇಲೆ ನಡೆಯುತ್ತಾರೆ ಅವರು,
ಹಿಂದೆ ನಾನು, ಸುಣ್ಣದ ಡಬ್ಬಿ ಹಿಡಿದು,
ನನ್ನ ಹಿಂದೆ ಗುತ್ತಿಗೆದಾರನ ಜೆಸಿಬಿ, ಗುರುಗುಡುತ್ತ.

"ಇಲ್ಲಿ ಅದ ನೋಡ್ರಿ ಕೇಬಲ್ಲು.
ಕೆಮಿಸ್ಟ್ರಿಯವ್ರು ಮುಷ್ಕರ ಕೂತ ವರ್ಷ ಹಾಕಿದ್ದು.
ಈ ಬೇವಿನ ಗಿಡ ಆಗ ನನ್ನ ಮೊಣಕಾಲಿಗಿತ್ತು.
ಮೂರು ಮೊಳ ಬಿಟ್ಟು ತೋಡ್ರಿ, ಜೋಡು ಅದ, ಹಾವಿನಂಗ."

ಹಳೇ ಟ್ರಾನ್ಸ್‌ಫಾರ್ಮರು ಎಣ್ಣೆ ಬೆವರುತ್ತದೆ.
ರಾತ್ರಿ ಹತ್ತಕ್ಕೆ ಹುಡುಗಿಯರ ಹಾಸ್ಟೆಲಿನ
ನೂರಾ ಹನ್ನೆರಡು ಕೂಲರು ಒಟ್ಟಿಗೆ ಉಸಿರೆಳೆದರೆ
ಕೆಮ್ಮಿ ಕೂತುಬಿಡುತ್ತದೆ. ವಾರ್ಡನ್ನು ಬೈಯುವುದು ನನಗೆ.
ಅಳಿಲೊಂದು ಒಳಗೆ ಬಿದ್ದು ಪರೀಕ್ಷೆಯೇ ಮುಂದೆ ಹೋಗಿತ್ತು ಒಮ್ಮೆ.
ಹೊಸದು ಲಾರಿಯಲ್ಲಿ ಬಂದಿದೆ, ಬೂದುಬಣ್ಣ, ಐನೂರು ಕೆವಿಎ.
ಯಾರೋ ಆಗಲೇ ನಿಂಬೆಹಣ್ಣು ಕಟ್ಟಿದ್ದಾರೆ.

ಶನಿವಾರ ಶಟ್‌ಡೌನ್.
ಸಂಜೆ ಏಳೂವರೆಗೂ ಜೋಡಣೆ ಮುಗಿದಿಲ್ಲ.
ಇಡೀ ಕ್ಯಾಂಪಸ್ಸು ಕಾಡಿಗೆ ಡಬ್ಬಿಯ ಒಳಗು,
ಮಾಳಿಗೆಯ ಮೇಲೆ ಹುಡುಗಿಯರ ಮೊಬೈಲು ಮಾತ್ರ ಮಿಣುಮಿಣು.
ಆಗ ಕಂಡಿತು:
ಹಿಂದಿನ ಗೇಟಿನ ಬಳಿ, ಹಾಳು ಪಂಪ್‌ಹೌಸಿನೊಳಗೆ
ಒಂದು ಬಲ್ಬು.
ಹಳದಿ, ನಲವತ್ತು ವ್ಯಾಟಿನದು, ಏನೂ ಆಗಿಲ್ಲವೆಂಬಂತೆ.

ಮೇನು ಇಳಿಸಿದ್ದು ನಾನೇ. ಬೀಗದ ಕೀಲಿ ನನ್ನ ಜೇಬಿನಲ್ಲಿದೆ.
ಗುಂಡಿಯೊಳಗೆ ಆರು ಹುಡುಗರು ಬರಿಗೈಯಲ್ಲಿ ತಾಮ್ರ ಹೆಣೆಯುತ್ತಿದ್ದಾರೆ.
ಬೆನ್ನಿಗೆ ತಣ್ಣೀರು ಸುರಿದಂತಾಯಿತು.
"ಮ್ಯಾಲೆ ಬರ್ರಿ! ಎಲ್ಲಾರೂ ಮ್ಯಾಲೆ ಬರ್ರಿ!"

ಲಾಡ್ಲೇಸಾಬರು ಬೀಡಿ ತೆಗೆದರು, ಹಚ್ಚಲಿಲ್ಲ.
"ಹೆದರಬ್ಯಾಡ್ರಿ ಮೇಡಂ. ಅದು ನಮ್ಮ ಲೈನಲ್ಲ,
ಹೊರಗ ಬೀದಿ ದೀಪದ್ದು. ನಾನs ಎಳದಿದ್ದು."

ಹಾಸ್ಟೆಲು ಸಿಗದ ಹನ್ನೊಂದು ಮಂದಿ,
ಸೇಡಂ ಕಡೆಯವರು, ಚಿಂಚೋಳಿ ಕಡೆಯವರು,
ಪಂಪಿನ ಪಕ್ಕ ಗೋಣಿ ಹಾಸಿ ಎರಡು ವರ್ಷ ಓದಿದರಂತೆ.
ಕಟಿ ರೊಟ್ಟಿ, ಪುಂಡಿಪಲ್ಯ, ಒಂದೇ ಬಲ್ಬು.
"ಈಗ ಯಾರಿದ್ದಾರೆ?"
"ಯಾರಿಲ್ರಿ. ಬಲ್ಬು ಹೋದ್ರ ಬದಲಿ ಹಾಕ್ತೀನಿ.
ಯಾರರೆ ಬಂದ್ರ..."
ಮುಂದೆ ಹೇಳಲಿಲ್ಲ.

ನಿಯಮ ನನಗೆ ಗೊತ್ತು. ಕಲಂ, ದಂಡ, ಎರಡೂ.
ಕಂಬ ಹತ್ತಿದ್ದು ಅವರೇ, ಕತ್ತರಿಸಿದ್ದು ಅವರೇ.
ನಾನು ಟಾರ್ಚು ಹಿಡಿದಿದ್ದೆ, ಅಷ್ಟೇ.
ಹತ್ತೂ ಇಪ್ಪತ್ತಕ್ಕೆ ಹೊಸದು ಗುಂಯ್ ಎಂದು ಎದ್ದಿತು,
ಹಾಸ್ಟೆಲಿನಿಂದ ಹೋ ಎಂಬ ಕೂಗು.

ಸೋಮವಾರ ಕಂಪ್ಯೂಟರಿನಲ್ಲಿ ಹೊಸ ನಕಾಶೆ.
ಹಿಂದಿನ ಗೇಟಿನಿಂದ ಪಂಪ್‌ಹೌಸಿನ ತನಕ
ಸಣ್ಣದೊಂದು ಚುಕ್ಕಿ ಗೆರೆ ಎಳೆದೆ; ಯಾರೂ ಕೇಳಿರಲಿಲ್ಲ.
ಬೆನ್ನ ಹಿಂದೆ ನಿಂತವರು ಕೇಳಿದರು, "ಚುಕ್ಕಿ ಅಂದ್ರ?"
"ಇತ್ತು, ಈಗಿಲ್ಲ ಅಂತ."
"ಹಂಗಾರ ಮೂವತ್ತೊಂದಕ್ಕ ನನ್ನ ಹೆಸರಿನ್ಯಾಗೂ ಒಂದ್ ಎಳೀರಿ."
ನಕ್ಕದ್ದು ಅವರೊಬ್ಬರೇ.

ಆ ಬಲ್ಬು ನನ್ನ ಮೇಜಿನ ಖಾನೆಯಲ್ಲಿದೆ.
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ತಂತಿ ಇನ್ನೂ ಗಟ್ಟಿ ಇದೆ.