ಕ್ಯಾರಿಯರ್

ಆಲ್ಟೋದ ಮಂಡೆಗೆ ಅಂಚಿಲ್ಲ, ಹಳೇ ಎಂಟ್ನೂರಕ್ಕಿದ್ದ ಹಾಗೆ.
ಕೊಕ್ಕೆ ಎಲ್ಲಿ ಸಿಕ್ಕಿಸುವುದು ಟೀಚರೇ, ಎಂದ
ಪಡೀಲಿನ ಹಸನಬ್ಬ, ಬಾಗಿಲು ತೆರೆದು, ಮುಚ್ಚಿ, ತೆರೆದು.
ಬುಟ್ಟಿಯಂಥದ್ದು ಬೇಡ, ಅದು ಟೂರಿನವರಿಗೆ.
ಎರಡು ಅಡ್ಡಪಟ್ಟಿ ಸಾಕು, ಸಂದಿಗೆ ರಬ್ಬರು ಕೊಟ್ಟು.
"ಐವತ್ತು ಕಿಲೋ ಹೊರುತ್ತದೆ. ಎಂತ ಹಾಕ್ಲಿಕ್ಕುಂಟು?"
ಕೋಲು.
"ಕೋಲಾ?"
ಒಂದೇ. ಹಾರುವ ಕೋಲು. ಎರಡು ಕಿಲೋ ಇದ್ದರೆ ಹೆಚ್ಚು.

ಬಸ್ಸಿನವ ಹತ್ತಿಸಲಿಲ್ಲ, ರೈಲಿನವ ನಿಯಮ ಓದಿದ.
ಕಾರು ಹನ್ನೊಂದು ಅಡಿ ಚಿಲ್ಲರೆ, ಕೋಲು ಹದಿಮೂರು;
ಮುಂದೆ ಒಂದು ಗೇಣು, ಹಿಂದೆ ಉಳಿದದ್ದು.
ತುದಿಗೆ ಕೆಂಪು ಬೇಕೇ ಬೇಕೆಂದು ಹಸನಬ್ಬ
ಧನ್ವಿತಾಳ ಜಡೆಯ ರಿಬ್ಬನ್ನು ಕೇಳಿ ಕಟ್ಟಿದ.

ಮುಲ್ಕಿ ಸೇತುವೆಯ ಗಾಳಿಗೆ ಪಟ್ಟಿ ಸಿಳ್ಳೆ ಹಾಕತೊಡಗಿತು,
ಅರವತ್ತು ದಾಟಿದರೆ ಒಂದು ಸ್ವರ, ಇಳಿದರೆ ಇನ್ನೊಂದು.
ಹಿಂದಿನ ಸೀಟಲ್ಲಿ ಅವಳಿಗೆ ನಿದ್ದೆ,
ಬಿಚ್ಚಿದ ಒಂದು ಜಡೆ ಗಾಜಿಗಂಟಿ.

ಅಜ್ಜರಕಾಡಿನಲ್ಲಿ ಇಳಿದು, ಆಕಳಿಸಿ,
ಕಾರಿನ ಮಾಡು ಮುಟ್ಟಿದಳು.
"ಇದರ ಮೇಲೆ ಇನ್ನೊಂದು ಇಟ್ಟರೆ ನನ್ನ ಎತ್ತರ, ಅಲ್ವಾ ಟೀಚರ್?"
ಅದಕ್ಕೂ ಒಂದು ಗೇಣು ಮೇಲೆ, ಎಂದೆ.

ಕೊಕ್ಕೆ ಬಿಚ್ಚುವಾಗ ಬಾಗಿಲ ಬಣ್ಣ ಕಾಸಗಲ ಎದ್ದು ಬಂತು.
ಕಂತು ಇನ್ನೂ ಹದಿನಾಲ್ಕಿದೆ.
ಹೆಬ್ಬೆರಳಲ್ಲಿ ಮುಚ್ಚಿಕೊಂಡು ನಿಂತೆ,
ಅವಳು ಕೋಲು ಇಳಿಸಿಕೊಳ್ಳುವವರೆಗೆ.